ಅಂಗಾಲಿನ ಕಮಾನು

ಜೂನ್ ತಿಂಗಳಲ್ಲಿ ಮಕ್ಕಳನ್ನು ಒಂದನೆಯ ತರಗತಿಗೆ ಸೇರಿಸಲು ಬರುವ ತಾಯಂದಿರ ಬಾಯಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ಮಾತು ಕೇಳುತ್ತಿದ್ದೇನೆ. “ಇವನಿಗೆ ಫ್ಲಾಟ್ ಫೂಟ್ ಉಂಟು ಟೀಚರ್. ಶೂ ಒಳಗೆ ಇನ್‌ಸೋಲ್ ಹಾಕಿಸಿದ್ದೇವೆ. ಆಡುವಾಗ ತೆಗೆದು ಬಿಸಾಡದ ಹಾಗೆ ಸ್ವಲ್ಪ ನೋಡಿಕೊಳ್ಳಿ” ಎನ್ನುತ್ತಾರೆ. ಪೇಟೆಯ ಅಂಗಡಿಯಲ್ಲಿ ಮಗುವನ್ನು ಒಂದು ಹಲಗೆಯ ಮೇಲೆ ನಿಲ್ಲಿಸಿ, ಕೆಂಪು ಹಳದಿ ನೀಲಿ ಬಣ್ಣದ ಪಾದದ ಚಿತ್ರ ತೋರಿಸಿ, ನಡು ಉಬ್ಬಿದ ಒಂದು ಜೊತೆ ಒಳಅಟ್ಟೆಯನ್ನು ಕೊಟ್ಟಿರುತ್ತಾರೆ. ಆ ಬಣ್ಣದ ಚಿತ್ರವನ್ನು ತಾಯಂದಿರು ಜಾತಕದಷ್ಟೇ ಜೋಪಾನವಾಗಿ ಮಡಚಿಟ್ಟುಕೊಂಡಿರುತ್ತಾರೆ.

ನಾವು ಓದುವ ಕಾಲದಲ್ಲಿ ಪಾದಕ್ಕೆ ಇದ್ದ ಕಷ್ಟಗಳೆಂದರೆ ಮುಳ್ಳು, ಆಣಿ, ಒಡೆದ ಹಿಮ್ಮಡಿ, ಮಳೆಗಾಲದಲ್ಲಿ ಬೆರಳ ಸಂದಿಯ ಕೆಸರುಹುಣ್ಣು. ಪಾದ ಚಪ್ಪಟೆಯಾಗಿದೆ ಎಂದು ಯಾರೂ ಯಾರನ್ನೂ ತಿರುಗಿಸಿ ನೋಡಿದ್ದಿಲ್ಲ. ಹಾಗಾದರೆ ಇದು ಎಲ್ಲಿಂದ ಬಂತು, ಪಾದಕ್ಕೆ ಕೆಳಗಿನಿಂದ ಆಸರೆ ಬೇಕೆಂದು ಮೊದಲು ಹೇಳಿದವರು ಯಾರು ಎಂದು ತಿಳಿಯುವ ಆಸೆಯಾಯಿತು. ಓದುತ್ತಾ ಹೋದಂತೆ ಈ ಕತೆಯ ಒಂದು ಮುಖ್ಯ ಅಧ್ಯಾಯ ನಮ್ಮ ಮನೆಯ ಹಿತ್ತಲಲ್ಲೇ, ಮಣಿಪಾಲದಲ್ಲೇ, ಬರೆಯಲ್ಪಟ್ಟಿದೆ ಎಂದು ತಿಳಿದು ಬೆರಗಾದೆ.

ಮೊದಲು ಪಾದದ ಮಾತು. ಒಂದು ಪಾದದಲ್ಲಿ 26 ಎಲುಬುಗಳಿವೆ. ಎರಡೂ ಸೇರಿದರೆ 52. ದೊಡ್ಡವರ ಮೈಯಲ್ಲಿ ಇರುವ ಒಟ್ಟು ಎಲುಬುಗಳು 206. ಅಂದರೆ ಸುಮಾರು ನಾಲ್ಕರಲ್ಲಿ ಒಂದು ಪಾಲು ಎಲುಬು ಪಾದದಲ್ಲೇ ಇದೆ. ಕನ್ನಡದಲ್ಲಿ ಆ ಪಾಲಿಗೂ ‘ಕಾಲು’ ಎಂದೇ ಹೆಸರು, ಪದ ಕಟ್ಟಿದವರು ಎಲುಬು ಎಣಿಸಿ ಕಟ್ಟಿದರೋ ಎನ್ನುವ ಹಾಗೆ. ಈ ಸಣ್ಣ ಸಣ್ಣ ಎಲುಬುಗಳು ಒಂದಕ್ಕೊಂದು ಆತುಕೊಂಡು ಹಿಮ್ಮಡಿಯಿಂದ ಹೆಬ್ಬೆರಳ ಬುಡದವರೆಗೆ ಒಂದು ಕಮಾನು ಕಟ್ಟುತ್ತವೆ. ಸೇತುವೆಯ ಕಲ್ಲಿನ ಕಮಾನು ತನ್ನ ಭಾರದಿಂದಲೇ ಬಿಗಿಯಾಗಿ ನಿಲ್ಲುತ್ತದೆ, ಅಲುಗುವುದಿಲ್ಲ. ಪಾದದ ಕಮಾನು ಹಾಗಲ್ಲ. ಹೆಜ್ಜೆ ಊರಿದಾಗ ಅದು ತುಸು ತಗ್ಗುತ್ತದೆ, ಹೆಜ್ಜೆ ಎತ್ತುವಾಗ ಮತ್ತೆ ಬಿಗಿಯುತ್ತದೆ. ಅದನ್ನು ಹಿಡಿದಿರುವುದು ಎಲುಬುಗಳ ನಡುವಣ ಕಟ್ಟುಗಳು, ಮೇಲಿನಿಂದ ಇಳಿದು ಬರುವ ಉದ್ದ ಸ್ನಾಯುಗಳು, ಅಂಗಾಲಿನಲ್ಲೇ ನಾಲ್ಕು ಪದರವಾಗಿ ಹರಡಿಕೊಂಡ ಗಿಡ್ಡ ಸ್ನಾಯುಗಳು. ಕೈಯ ಸ್ನಾಯುಗಳ ಹಾಗೆಯೇ ಇವೂ ಕೆಲಸವಿದ್ದರೆ ಬಲಿಯುತ್ತವೆ, ಇಲ್ಲದಿದ್ದರೆ ಸೊರಗುತ್ತವೆ.

ಈ ಕಮಾನು ಹುಟ್ಟುವಾಗ ಕಾಣುವುದಿಲ್ಲ. ಗೋಕುಲಾಷ್ಟಮಿಯ ದಿನ ಬಾಗಿಲಿನಿಂದ ದೇವರ ಕೋಣೆಯ ತನಕ ಅಕ್ಕಿಹಿಟ್ಟಿನಲ್ಲಿ ಮುಷ್ಟಿ ಅದ್ದಿ ಕೃಷ್ಣನ ಪುಟ್ಟ ಹೆಜ್ಜೆ ಮೂಡಿಸುತ್ತೇವಲ್ಲ, ಅದರ ಒಳಬದಿ ಚಂದವಾಗಿ ಬಾಗಿರುತ್ತದೆ. ಆದರೆ ನಡೆಯಲು ಕಲಿಯುವ ನಿಜವಾದ ಮಗುವಿನ ಒದ್ದೆ ಹೆಜ್ಜೆಯನ್ನು ಕಾವಿ ನೆಲದ ಮೇಲೆ ನೋಡಿ: ಅದು ತುಂಬಿಕೊಂಡ ಒಂದು ಅಚ್ಚು, ಹೋಳಿಗೆಯಂತೆ. ಒಳಗೆ ಕೊಬ್ಬಿನ ಮೆತ್ತೆ ಇರುತ್ತದೆ, ಕಟ್ಟುಗಳು ಸಡಿಲವಾಗಿರುತ್ತವೆ. ಓಡಿ, ಹತ್ತಿ, ಬಿದ್ದು, ತುದಿಗಾಲಲ್ಲಿ ನಿಂತು ಸಕ್ಕರೆ ಡಬ್ಬಿಗೆ ಕೈ ಚಾಚಿ, ಐದಾರು ವರ್ಷವಾಗುವಾಗ ಬಹುಪಾಲು ಮಕ್ಕಳಲ್ಲಿ ಬಾಗು ಕಾಣಿಸಿಕೊಳ್ಳುತ್ತದೆ. ಮುಷ್ಟಿಯ ಹೆಜ್ಜೆ ನಮ್ಮ ಆಸೆಯದ್ದು, ಮಗುವಿನದ್ದಲ್ಲ. ಫ್ಲಾಟ್ ಫೂಟ್ ಎಂದು ಗಾಬರಿಯಾದ ಎಷ್ಟೋ ತಾಯಂದಿರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇನ್ನು ಆಸರೆಯ ಕತೆ. ಹೆಚ್ಚು ಕಡಿಮೆ ಇನ್ನೂರು ವರ್ಷ ಯುರೋಪಿನವರು ಎಡ ಬಲ ಎಂಬ ಭೇದವಿಲ್ಲದೆ ಒಂದೇ ಆಕಾರದ ಜೋಡು ಹೊಲಿಯುತ್ತಿದ್ದರು. ಕಾಲೇ ಜೋಡಿಗೆ ಹೊಂದಿಕೊಳ್ಳಬೇಕಿತ್ತು. 1781ರಲ್ಲಿ ಪೀಟ್ರಸ್ ಕ್ಯಾಂಪರ್ ಎಂಬ ಡಚ್ ಅಂಗರಚನಾ ಪಂಡಿತ ಜೋಡಿನ ಸರಿಯಾದ ಆಕಾರದ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಅಷ್ಟು ದೊಡ್ಡ ಪಂಡಿತ ಮೆಟ್ಟಿನ ಬಗ್ಗೆ ಬರೆಯುವುದೇ ಎಂದು ನಕ್ಕವರೂ ಇದ್ದಿರಬೇಕು. 1850ರ ದಶಕದಲ್ಲಿ ಜ್ಯೂರಿಕ್‌ನ ಹರ್ಮನ್ ಫಾನ್ ಮೇಯರ್ ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದ. ಇವರಿಬ್ಬರೂ ಕಂಡದ್ದು ಜೋಡಿನ ದೋಷವನ್ನು. 1880ರ ದಶಕದ ಕೊನೆಗೆ ಅಮೆರಿಕದ ರಾಯಲ್ ವಿಟ್ಮನ್ ಎಂಬ ಎಲುಬಿನ ವೈದ್ಯನ ಕಾಲಕ್ಕೆ ಬರುವಾಗ ದೃಷ್ಟಿ ಜೋಡಿನಿಂದ ಪಾದದತ್ತ ತಿರುಗಿತು. ಕುಸಿದ ಕಮಾನಿನ ಕೆಳಗೆ ಇಡಲು ಅವನು ಉಕ್ಕಿನ ತಗಡನ್ನು ಬಗ್ಗಿಸಿ ಒಂದು ಒಳಅಟ್ಟೆ ಮಾಡಿದ. ಆದರೆ ವಿಟ್ಮನ್ ವೈದ್ಯನಾಗಿದ್ದ. ನೋವಿದ್ದವರಿಗೆ ತಗಡು ಕೊಡುತ್ತಿದ್ದ, ಜೊತೆಗೆ ಕಾಲಿಗೆ ವ್ಯಾಯಾಮವನ್ನೂ ಹೇಳುತ್ತಿದ್ದ. 1904ರ ಸುಮಾರಿಗೆ ಶಿಕಾಗೋದಲ್ಲಿ ವಿಲಿಯಂ ಶಾಲ್ ಎಂಬ ತರುಣ, ಜೋಡಿನ ಅಂಗಡಿಯಲ್ಲಿ ಕೆಲಸ ಮಾಡಿ ದಣಿದ ಕಾಲುಗಳನ್ನು ದಿನವೂ ಕಂಡವನು, ಕಮಾನಿಗೆ ಆಸರೆ ಕೊಡುವ ಸಿದ್ಧ ಸರಕನ್ನು ಮಾರಲು ತೊಡಗಿದ. ಅಂಗಡಿಗೆ ಬಂದ ಆಸರೆಯ ಜೊತೆ ವ್ಯಾಯಾಮ ಬರಲಿಲ್ಲ. ವ್ಯಾಯಾಮವನ್ನು ಡಬ್ಬಿಯಲ್ಲಿ ಹಾಕಿ ಮಾರುವುದು ಹೇಗೆ?

ಇದೇ 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಒಂದು ಭಾರೀ ವಿಶ್ವಮೇಳ ನಡೆಯಿತು. ಆಗಷ್ಟೇ ಅಮೆರಿಕದ ಕೈವಶವಾಗಿದ್ದ ಫಿಲಿಪ್ಪೀನ್ಸ್‌ನಿಂದ, ಆಫ್ರಿಕದ ನಡುನಾಡಿನಿಂದ ಜನರನ್ನು ಕರೆತಂದು, ಗುಡಿಸಲು ಕಟ್ಟಿಕೊಟ್ಟು, ಬಂದವರಿಗೆ ತೋರಿಸಿದರು. ಜಾತ್ರೆಯಲ್ಲಿ ದನಗಳನ್ನು ಸಾಲಾಗಿ ಕಟ್ಟಿದ ಹಾಗೆ. ಫಿಲಿಪ್ ಹಾಫ್‌ಮನ್ ಎಂಬ ವೈದ್ಯ, ಹುಟ್ಟಿದಂದಿನಿಂದ ಜೋಡು ಮೆಟ್ಟದ ಈ 186 ಮಂದಿಯ ಪಾದಗಳನ್ನು ಪರೀಕ್ಷಿಸಿ 1905ರಲ್ಲಿ ಒಂದು ಲೇಖನ ಪ್ರಕಟಿಸಿದ. ಅವರ ಬೆರಳುಗಳು ಬೀಸಣಿಗೆಯಂತೆ ಹರಡಿದ್ದವು, ಬೇಕಾದ ಹಾಗೆ ಆಡುತ್ತಿದ್ದವು. ಕಮಾನು ಕೆಲವರಲ್ಲಿ ಎತ್ತರ, ಕೆಲವರಲ್ಲಿ ತಗ್ಗು. ಆ ಎತ್ತರ ತಗ್ಗಿಗೂ ಪಾದದ ಬಲಕ್ಕೂ ಸಂಬಂಧವಿಲ್ಲವೆಂದು ಹಾಫ್‌ಮನ್ ಬರೆದ. ಈ ಜ್ಞಾನ ಹುಟ್ಟಿದ ಜಾಗ ನನಗೆ ಸಹ್ಯವಾಗುವುದಿಲ್ಲ. ಮನುಷ್ಯರನ್ನು ಪ್ರದರ್ಶನಕ್ಕಿಟ್ಟ ನಾಡಿನಲ್ಲಿ, ಅವರದೇ ಪಾದಗಳು ನಿಮ್ಮ ಪಾದಗಳಿಗಿಂತ ಗಟ್ಟಿ ಎಂಬ ಮಾತು ಹೊರಟಿತು. ಅದನ್ನು ಕೇಳಿಸಿಕೊಂಡವರು ಕಡಿಮೆ. ಒಂದೇ ವರ್ಷದ ಎರಡು ದಾರಿಗಳಲ್ಲಿ ಮಾರುಕಟ್ಟೆಗೆ ಹೋದದ್ದು ಶಾಲ್‌ನ ದಾರಿ.

ಸೈನ್ಯದಲ್ಲಿಯೂ ಚಪ್ಪಟೆ ಪಾದದವರನ್ನು ಹಿಂದಕ್ಕೆ ಕಳಿಸುವ ವಾಡಿಕೆ ಇತ್ತು. ಎರಡನೆಯ ಮಹಾಯುದ್ಧದ ವೇಳೆಗೆ ಕೆನಡಾದ ಹ್ಯಾರಿಸ್ ಮತ್ತು ಬೀತ್ ಎಂಬ ವೈದ್ಯರು ಮೂರೂವರೆ ಸಾವಿರಕ್ಕೂ ಹೆಚ್ಚು ಸೈನಿಕರ ಪಾದಗಳನ್ನು ನೋಡಿ, 1947ರಲ್ಲಿ ವರದಿ ಕೊಟ್ಟರು. ಮೃದುವಾಗಿ ಬಾಗುವ, ನೋವಿಲ್ಲದ ಚಪ್ಪಟೆ ಪಾದ ರೋಗವೇ ಅಲ್ಲ, ಅದೂ ಒಂದು ಗಟ್ಟಿ ಪಾದದ ಸಹಜ ಆಕಾರ ಎಂಬುದು ಅದರ ಸಾರ. ಗಡುಸಾಗಿ ಬಾಗದ, ನೋಯುವ ಚಪ್ಪಟೆ ಪಾದದ ಮಾತು ಬೇರೆ. ಅದಕ್ಕೆ ವೈದ್ಯರೇ ಬೇಕು. ಆಮೇಲೆ 1989ರಲ್ಲಿ ಅಮೆರಿಕದ ವೆಂಗರ್ ಮತ್ತು ಸಂಗಡಿಗರು 129 ಮಕ್ಕಳನ್ನು ಗುಂಪು ಮಾಡಿ ಮೂರು ವರ್ಷ ನೋಡಿದರು. ಒಂದು ಗುಂಪಿಗೆ ವಿಶೇಷ ಶೂ, ಇನ್ನೊಂದಕ್ಕೆ ಹಿಮ್ಮಡಿಯ ಬಟ್ಟಲು, ಮತ್ತೊಂದಕ್ಕೆ ಅಚ್ಚು ತೆಗೆದು ಮಾಡಿದ ಒಳಅಟ್ಟೆ, ಉಳಿದ ಗುಂಪಿಗೆ ಏನೂ ಇಲ್ಲ. ಮೂರು ವರ್ಷದಲ್ಲಿ ಎಲ್ಲ ಗುಂಪಿನ ಮಕ್ಕಳ ಪಾದವೂ ಸುಧಾರಿಸಿತ್ತು, ಏನೂ ಕೊಡದವರದ್ದೂ ಅಷ್ಟೇ. ವಯಸ್ಸು ಮಾಡಿದ ಕೆಲಸಕ್ಕೆ ಅಟ್ಟೆ ಹೆಸರು ಪಡೆಯುತ್ತಿತ್ತು.

ಈಗ ಮಣಿಪಾಲಕ್ಕೆ ಬರುತ್ತೇನೆ. 1992ರಲ್ಲಿ, ಉಡುಪಿ ಇನ್ನೂ ಜಿಲ್ಲೆಯಾಗದೆ ಮಣಿಪಾಲ ದಕ್ಷಿಣ ಕನ್ನಡಕ್ಕೇ ಸೇರಿದ್ದ ಕಾಲದಲ್ಲಿ, ಅಲ್ಲಿನ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಡಾ. ಉದಯಭಾಸ್ಕರ ರಾವ್ ಮತ್ತು ಡಾ. ಬೆಂಜಮಿನ್ ಜೋಸೆಫ್ ಅವರು ಬ್ರಿಟನ್ನಿನ ಎಲುಬು ವೈದ್ಯರ ಪ್ರಸಿದ್ಧ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ನಾಲ್ಕರಿಂದ ಹದಿಮೂರು ವರ್ಷದೊಳಗಿನ 2300 ಮಕ್ಕಳ ಹೆಜ್ಜೆಯಚ್ಚು ತೆಗೆದು ನೋಡಿದ ಫಲ ಅದು. ಹೆಜ್ಜೆಯಚ್ಚಿಗೆ ಏನು ಬೇಕು? ಶಾಯಿ, ಕಾಗದ, ಅಂಗಾಲಿಗೆ ಕಚಗುಳಿಯಾಗಿ ನಗುವ ಮಕ್ಕಳು, ಸಹನೆ. ಮೆಟ್ಟು ಮೆಟ್ಟುವ ಮಕ್ಕಳಲ್ಲಿ ಚಪ್ಪಟೆ ಪಾದ ನೂರಕ್ಕೆ 8.6, ಬರಿಗಾಲಿನ ಮಕ್ಕಳಲ್ಲಿ 2.8. ಮೆಟ್ಟುವವರಲ್ಲೂ ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಅತಿ ಹೆಚ್ಚು, ಸ್ಯಾಂಡಲ್ ಚಪ್ಪಲಿ ಹಾಕುವವರಲ್ಲಿ ಕಡಿಮೆ, ಏನೂ ಹಾಕದವರಲ್ಲಿ ಎಲ್ಲಕ್ಕಿಂತ ಕಡಿಮೆ. ಎಳವೆಯಲ್ಲಿ ಶೂ ಹಾಕುವುದು ಕಮಾನು ಸರಿಯಾಗಿ ಬೆಳೆಯಲು ಅಡ್ಡಿ ಎಂದು ಅವರು ತೀರ್ಮಾನಿಸಿದರು.

1995ರಲ್ಲಿ ಡಾ. ಸಚ್ಚಿದಾನಂದಂ ಮತ್ತು ಡಾ. ಜೋಸೆಫ್ ಬೆಳೆದು ನಿಂತ 1846 ಮಂದಿಯ ಪಾದಗಳನ್ನು ಹೀಗೆಯೇ ನೋಡಿದರು. ಆರು ವರ್ಷಕ್ಕೆ ಮೊದಲೇ ಶೂ ಹಾಕತೊಡಗಿದವರಲ್ಲಿ ಚಪ್ಪಟೆ ಪಾದ ನೂರಕ್ಕೆ 3.24 ಇದ್ದರೆ, ಹದಿನಾರು ತುಂಬಿದ ಮೇಲೆ ಹಾಕಿದವರಲ್ಲಿ 1.75 ಇತ್ತು. ಎರಡು ಲೇಖನಗಳೂ ಇಂದಿಗೂ ಲೋಕದ ಯಾವ ಮೂಲೆಯಲ್ಲಿ ಮಕ್ಕಳ ಪಾದದ ಚರ್ಚೆ ನಡೆದರೂ ಉಲ್ಲೇಖವಾಗುತ್ತವೆ. ನಮ್ಮ ಪಠ್ಯಪುಸ್ತಕಗಳಲ್ಲಿ ಮಾತ್ರ ನಾನು ಕಂಡಿಲ್ಲ.

ಈ ಅಂಕಿಗಳನ್ನು ಓದುವಾಗ ಎರಡು ಎಚ್ಚರ ಬೇಕು. ಒಂದು, ಶೂ ಹಾಕಿದ ನೂರು ಮಕ್ಕಳಲ್ಲಿ ತೊಂಬತ್ತೊಂದು ಮಕ್ಕಳ ಪಾದವೂ ಚಪ್ಪಟೆಯಾಗಿರಲಿಲ್ಲ. ಶೂ ಹಾಕಿದ ಕೂಡಲೇ ಕಾಲು ಕೆಟ್ಟುಹೋಗುತ್ತದೆ ಎಂದು ಹೆದರಿಸುವುದೂ ಇನ್‌ಸೋಲ್ ಮಾರುವವರ ಹೆದರಿಕೆಯ ಜಾತಿಗೇ ಸೇರಿದ್ದು. ಎರಡನೆಯ ಎಚ್ಚರ ಇನ್ನೂ ದೊಡ್ಡದು. ಆ ಬರಿಗಾಲಿನ ಮಕ್ಕಳು ಯಾರು? 1990ರ ಸುಮಾರಿನಲ್ಲಿ ಹನ್ನೆರಡು ಹದಿಮೂರು ವರ್ಷದ ತನಕ ಮೆಟ್ಟಿಲ್ಲದೆ ಬೆಳೆದವರು ಪಾದದ ಆರೋಗ್ಯ ಬೇಕೆಂದು ಹಾಗಿದ್ದವರಲ್ಲ. ಬಹುಪಾಲು ಕೊಳ್ಳಲು ಆಗದೆ ಇದ್ದವರು. ನಾನು ಪಾಠ ಹೇಳತೊಡಗಿದ್ದೂ ಹೆಚ್ಚುಕಡಿಮೆ ಆ ವರ್ಷಗಳಲ್ಲೇ. ಮುರಕಲ್ಲಿನ ದಾರಿಯಲ್ಲಿ ಮೂರು ಮೈಲಿ ನಡೆದು ಬರುತ್ತಿದ್ದ ಮಕ್ಕಳ ಕಾಲು ಗಟ್ಟಿಯಾಗಿತ್ತು ನಿಜ. ಅದೇ ಕಾಲಿನ ಹೆಬ್ಬೆರಳು ಎಡವಿ ಒಡೆದು, ಬಟ್ಟೆ ಚೂರು ಸುತ್ತಿಕೊಂಡು, ನೊಣ ಓಡಿಸುತ್ತಾ ಲೆಕ್ಕ ಮಾಡುತ್ತಿದ್ದರು. ತೋಟದ ತೇವದ ಮಣ್ಣಿನಲ್ಲಿ ಕೊಕ್ಕೆಹುಳು ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು, ಕರುಳಿಗೆ ಕಚ್ಚಿ, ರಕ್ತ ಹೀರಿ ಮಕ್ಕಳನ್ನು ಬಿಳಿಚಿಸುತ್ತಿತ್ತು. ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಸೋಮಾರಿ ಎಂದು ಬಯ್ಯುತ್ತಿದ್ದ ಮೇಷ್ಟರುಗಳಿದ್ದರು. ಎಷ್ಟೋ ಸಲ ಅದು ಹುಳುವಿನ ಕೆಲಸ.

ಬಡತನಕ್ಕಿಂತ ಕಠಿಣವಾದದ್ದು ಕಟ್ಟಳೆ. ಮೇಲ್ಜಾತಿಯವರ ಬೀದಿಯಲ್ಲಿ ಹೊಲೆಯರು ಮಾದಿಗರು ಮೆಟ್ಟು ಮೆಟ್ಟಿ ನಡೆಯುವಂತಿಲ್ಲ, ಕೈಯಲ್ಲಿ ಹಿಡಿದು ದಾಟಬೇಕು ಎಂಬ ನಿಯಮ ನಮ್ಮ ಎಷ್ಟೋ ಊರುಗಳಲ್ಲಿ ಬಹಳ ಕಾಲ ನಡೆಯಿತು. ಮೆಟ್ಟು ಹೊಲಿಯುವ ಕೈಗಳ ಕಾಲಿಗೇ ಮೆಟ್ಟು ನಿಷಿದ್ಧ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಮತ್ತು ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಕತೆಯನ್ನು ಹೇಳುವಾಗಲೆಲ್ಲ ನನಗೆ ಅನ್ನಿಸುವುದು, ಅದರಲ್ಲಿ ಭಕ್ತಿಯ ಜೊತೆಗೆ ಈ ಲೆಕ್ಕವೂ ಅಡಗಿದೆ ಎಂದು. ಆದ್ದರಿಂದ ‘ಬರಿಗಾಲೇ ಸಹಜ, ಬರಿಗಾಲೇ ಚಂದ’ ಎಂದು ನಾಲ್ಕು ಜೊತೆ ಶೂ ಇರುವವರು ಉಪದೇಶಿಸುವಾಗ ನನಗೆ ಕಿರಿಕಿರಿಯಾಗುತ್ತದೆ. 2015–16ರಲ್ಲಿ ಸರ್ಕಾರ ಶೂ ಭಾಗ್ಯವೆಂದು ಸರ್ಕಾರಿ ಶಾಲೆಯ ಒಂದರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಕಾಲುಚೀಲ ಕೊಡತೊಡಗಿದಾಗ, ಹೊಸ ಶೂ ಹಾಕಿಕೊಂಡು ನೆಲ ತಟ್ಟಿ ಸದ್ದು ಮಾಡುತ್ತಾ ಜಗಲಿಯಲ್ಲಿ ಹತ್ತು ಸಲ ಅತ್ತಿತ್ತ ನಡೆದ ಮಕ್ಕಳನ್ನು ನಾನು ಕಂಡಿದ್ದೇನೆ. ಅವರ ಮನೆಯಲ್ಲಿ ಶೂ ಹಾಕಿದ ಮೊದಲ ತಲೆಮಾರು ಅವರದು. ಅಂಥ ಮಗುವಿನ ಮುಂದೆ ಕಮಾನಿನ ಪಾಠ ಹೇಳಲು ಬಾಯಿ ಬರುವುದಿಲ್ಲ.

ಆದರೂ ಕರಾವಳಿಯ ಮಳೆಗೆ ಈ ಶೂ ಒಗ್ಗಲಿಲ್ಲ ಎಂಬುದು ಬೇರೆ ಸಂಗತಿ. ಜುಲೈಯಲ್ಲಿ ಒಮ್ಮೆ ನೆನೆದ ಕಾಲುಚೀಲ ಒಲೆಯ ಮೇಲೆ ತೂಗಿದರೂ ಮರುದಿನಕ್ಕೆ ಒಣಗುವುದಿಲ್ಲ. ಆಯಾ ಊರಿನ ಹವಾಮಾನ ನೋಡಿ ಶೂ ಬದಲು ಸ್ಯಾಂಡಲ್ ಕೊಡಬಹುದೆಂದು ಆಮೇಲೆ ಶಾಲೆಗಳಿಗೆ ಅವಕಾಶವಾಯಿತು. ಮಳೆಯ ದೆಸೆಯಿಂದ ಬಂದ ಈ ಸಡಿಲಿಕೆ ಮಣಿಪಾಲದ ಹೆಜ್ಜೆಯಚ್ಚುಗಳು ಹೇಳಿದ್ದಕ್ಕೂ ಹತ್ತಿರವಿದೆ: ಮುಳ್ಳು, ಹುಳುಗಳಿಂದ ತಡೆ ಬೇಕು, ಬೆರಳಿಗೆ ಬಿಡುವೂ ಬೇಕು.

ಇಷ್ಟು ಆಕಾರದ ಕತೆ. ಪಾದಕ್ಕೆ ಬಲ ಎಂಬುದೊಂದಿದೆ, ಸಮತೋಲ ಎಂಬುದೊಂದಿದೆ; ಇವುಗಳ ಬಗ್ಗೆ ತಿಳಿವಳಿಕೆ ಬಂದದ್ದು ಈಚೆಗೆ. ನಾವು ನೆಟ್ಟಗೆ ನಿಲ್ಲುವುದು ಕಣ್ಣಿನಿಂದ, ಒಳಕಿವಿಯಿಂದ, ಮತ್ತೆ ಅಂಗಾಲಿನಿಂದ. ಅಂಗಾಲಿನ ಚರ್ಮದಲ್ಲಿ ಒತ್ತಡ ತಿಳಿಯುವ ನರತುದಿಗಳು ಹೇರಳವಾಗಿವೆ. ಭಾರ ತುಸು ಹೊರಬದಿಗೆ ಸರಿದರೆ ಅವು ಸುದ್ದಿ ಕಳಿಸುತ್ತವೆ, ಸ್ನಾಯುಗಳು ಎಳೆದು ಸರಿಮಾಡುತ್ತವೆ. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಂತು ನೋಡಿದರೆ ಪಾದದೊಳಗೆ ನಡೆಯುವ ಈ ಓಡಾಟ ಯಾರಿಗಾದರೂ ಗೊತ್ತಾಗುತ್ತದೆ. ತಳೆ ಹಾಕಿಕೊಂಡು ಒದ್ದೆ ಕಂಗಿನ ಮರ ಏರುವವನ ಪಾದ ಮರವನ್ನು ಓದುತ್ತಾ ಏರುತ್ತದೆ. ದಪ್ಪ ಮೆತ್ತೆ ಹಾಸಿದರೆ ಆ ಓದು ಮಸುಕಾಗುತ್ತದೆ, ಕೈಗವಸು ಹಾಕಿ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ಇದನ್ನು 1992ರಲ್ಲೇ ಕೆನಡಾದ ಸ್ಟೀವನ್ ರಾಬಿನ್ಸ್ ಮತ್ತು ಸಂಗಡಿಗರು ವಯಸ್ಸಾದ ಗಂಡಸರ ಮೇಲೆ ಪರೀಕ್ಷಿಸಿದರು. ಬೇರೆ ಬೇರೆ ಶೂ ಹಾಕಿಸಿ ಕಿರಿದಾದ ತೊಲೆಯ ಮೇಲೆ ನಡೆಸಿದಾಗ, ತೆಳ್ಳಗಿನ ಗಟ್ಟಿ ಅಟ್ಟೆಯಲ್ಲಿ ಚೆನ್ನಾಗಿ ನಡೆದವರು ದಪ್ಪಗಿನ ಮೆತ್ತಗಿನ ಅಟ್ಟೆಯಲ್ಲಿ ಜೋಲಿ ತಪ್ಪಿದರು. ಮೆತ್ತಗಿರುವುದೆಲ್ಲ ಮುದುಕರಿಗೆ ಒಳ್ಳೆಯದೆಂಬ ನಮ್ಮ ನಂಬಿಕೆಗೆ ಇದು ವಿರುದ್ಧ. ಹಾಗೆಂದು ವಯಸ್ಸಾದವರು ಚಪ್ಪಲಿ ಬಿಟ್ಟು ನಡೆದರೆ ಸಾಕೇ? ಅದೂ ಅಲ್ಲ. ಸಿಯಾಟಲ್ ನಗರದ ಕಡೆ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬರಿಗಾಲಲ್ಲೋ ಬರೇ ಕಾಲುಚೀಲದಲ್ಲೋ ಓಡಾಡುವ ವೃದ್ಧರೇ ಹೆಚ್ಚು ಬೀಳುತ್ತಿದ್ದರು. ಎಪ್ಪತ್ತು ವರ್ಷ ಶೂ ಒಳಗಿದ್ದ ಪಾದವನ್ನು ಒಂದು ದಿನ ನುಣುಪು ನೆಲಕ್ಕೆ ಬಿಟ್ಟರೆ ಇನ್ನೇನಾದೀತು!

ಒಳಅಟ್ಟೆಯನ್ನೇ ಬೇರೆ ರೀತಿಯಲ್ಲಿ ಯೋಚಿಸಿದವರೂ ಇದ್ದಾರೆ. ಕೆನಡಾದ ಸ್ಟೀಫನ್ ಪೆರಿ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಟ್ಟೆಯ ಅಂಚಿನುದ್ದಕ್ಕೂ ಒಂದು ಸಣ್ಣ ದಿಂಡು ಕಟ್ಟಿದರು, ಗದ್ದೆಯ ಬದುವಿನ ಹಾಗೆ. ಪಾದ ಪಕ್ಕಕ್ಕೆ ವಾಲಿದರೆ ಆ ದಿಂಡು ಚರ್ಮಕ್ಕೆ ಒತ್ತಿ ‘ಇಲ್ಲಿಗೆ ಸಾಕು’ ಎನ್ನುತ್ತದೆ. ಅಂಗಾಲಿನ ಸ್ಪರ್ಶ ತುಸು ಮಂದವಾಗಿದ್ದ, 65ರಿಂದ 75 ವರ್ಷದ 40 ಮಂದಿಯಲ್ಲಿ ಹನ್ನೆರಡು ವಾರ ನೋಡಿದಾಗ ಪಕ್ಕಕ್ಕೆ ವಾಲುವುದು ಕಡಿಮೆಯಾಗಿತ್ತು. ಎತ್ತಿ ಹಿಡಿಯುವ ಅಟ್ಟೆಗೂ ಎಚ್ಚರಿಸುವ ಅಟ್ಟೆಗೂ ಅಜಗಜಾಂತರವಿದೆ. ಬುದ್ಧಿವಂತ ಮೇಷ್ಟರು ಉತ್ತರ ಹೇಳಿಕೊಡುವುದಿಲ್ಲ, ಸ್ಲೇಟಿನ ಮೇಲೆ ಬೆರಳಿಟ್ಟು ‘ಇಲ್ಲಿ ಇನ್ನೊಮ್ಮೆ ನೋಡು’ ಎನ್ನುತ್ತಾರಲ್ಲ, ಹಾಗೆ.

ಬಲದ ವಿಷಯ ನೇರವಾಗಿದೆ. 2020ರಲ್ಲಿ ಪ್ರಕಟವಾದ ಕೆನಡಾದ ಇನ್ನೊಂದು ಅಧ್ಯಯನದಲ್ಲಿ, ಆರೋಗ್ಯವಂತ ತರುಣರು ಅಚ್ಚು ತೆಗೆದು ಮಾಡಿದ ಒಳಅಟ್ಟೆಯನ್ನು ಹನ್ನೆರಡು ವಾರ ಹಾಕಿಕೊಂಡಾಗ ಅಂಗಾಲಿನ ಕೆಲವು ಗಿಡ್ಡ ಸ್ನಾಯುಗಳು ಅಳತೆಯಲ್ಲೇ ಸಣ್ಣಗಾದವು. 2021ರ ಲಿವರ್‌ಪೂಲ್‌ನ ಅಧ್ಯಯನದಲ್ಲಿ, ಆಸರೆಯಿಲ್ಲದ ತೆಳು ಮೆತು ಅಟ್ಟೆಯ ಜೋಡು ಹಾಕಿ ಆರು ತಿಂಗಳು ದಿನದ ಕೆಲಸ ಮಾಡಿಕೊಂಡಿದ್ದವರ ಬೆರಳು ಒತ್ತುವ ಬಲ ಸರಾಸರಿ ನೂರಕ್ಕೆ 57ರಷ್ಟು ಹೆಚ್ಚಿತು. ನಮ್ಮ ಹಳೆಯ ತೆಳು ಚರ್ಮದ ಚಪ್ಪಲಿಗೂ ಅದಕ್ಕೂ ಹೆಚ್ಚು ದೂರವಿಲ್ಲ. ಬೆಲೆ ಮಾತ್ರ ಆಕಾಶ ಮುಟ್ಟಿದೆ. ಹಿಮ್ಮಡಿ ನೋವಿಗೆ ವೈದ್ಯರು ಕೆಲ ತಿಂಗಳು ಒಳಅಟ್ಟೆ ಕೊಟ್ಟರೆ ಅದು ಮದ್ದು; ಮುರಿದ ಕೈಗೆ ಹಾಕಿದ ಪಟ್ಟಿಯಂತೆ. ಮುರಿಯದ ಕೈಗೆ ಜನ್ಮವಿಡೀ ಪಟ್ಟಿ ಹಾಕುವವರುಂಟೇ?

ಆದರೆ ಜನ್ಮವಿಡೀ ಬೇಕಾದ ಪಾದಗಳೂ ಇವೆ. ಆ ತಿಳಿವಳಿಕೆ ಬಂದದ್ದು ಪಕ್ಕದ ವೆಲ್ಲೂರಿನಿಂದ. ಪಾಲ್ ಬ್ರ್ಯಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ, ಮಿಷನರಿ ತಂದೆತಾಯಿಯ ಮಗನಾಗಿ. ಅಲ್ಲಿನ ಮಕ್ಕಳ ಜೊತೆ ಬರಿಗಾಲಲ್ಲಿ ಗುಡ್ಡ ಹತ್ತಿ ಬೆಳೆದವನು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಶಸ್ತ್ರವೈದ್ಯನಾಗಿ ಬಂದ. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿ ಕೊಳೆತು ಉದುರುತ್ತವೆ ಎಂದೇ ಆಗ ಎಲ್ಲರೂ ತಿಳಿದಿದ್ದರು. ಹಾಗಲ್ಲ, ನರ ಸತ್ತು ನೋವು ತಿಳಿಯದೆ ಹೋಗುವುದರಿಂದ ಗಾಯದ ಮೇಲೇ ನಡೆದು ನಡೆದು ಪಾದ ಸವೆಯುತ್ತದೆ ಎಂದು ಅವನು ಕಂಡುಕೊಂಡ. ನಾವು ನಡೆಯುವಾಗ ಒಂದು ಕಡೆ ನೋಯತೊಡಗಿದರೆ ಅರಿವಿಲ್ಲದೆಯೇ ಭಾರವನ್ನು ಇನ್ನೊಂದು ಕಡೆಗೆ ಹೊರಳಿಸುತ್ತೇವೆ. ನೋವಿಲ್ಲದ ಪಾದ ಹೊರಳಿಸುವುದಿಲ್ಲ.

ವೆಲ್ಲೂರಿನ ಬಳಿಯ ಕರಿಗಿರಿಯಲ್ಲಿ 1955ರಲ್ಲಿ ಕುಷ್ಠರೋಗದ ಸಂಶೋಧನಾ ಆಸ್ಪತ್ರೆ ಶುರುವಾಯಿತು. ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯವಾಗಿ ಅಲ್ಲಿ ಚಪ್ಪಲಿಯ ಕೆಲಸ ನಡೆಯಿತು. ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೈಕ್ರೋಸೆಲ್ಯುಲರ್ ರಬ್ಬರಿನ ಮೆತುವಾದ ಒಳಅಟ್ಟೆ, ಅದಕ್ಕೆ ಎಂ.ಸಿ.ಆರ್. ಎಂದು ಹೆಸರು. ಅದು ಒತ್ತಡವನ್ನು ಒಂದೇ ಜಾಗಕ್ಕೆ ಬಿಡದೆ ಇಡೀ ಅಂಗಾಲಿಗೆ ಹಂಚುತ್ತದೆ. ಕೆಳಗೆ ಮುಳ್ಳು ತೂರದಂಥ ಗಟ್ಟಿ ಅಟ್ಟೆ, ಎಷ್ಟೋ ಕಡೆ ಹಳೆಯ ಟೈರಿನದ್ದೇ. ಹಿಂದೆ ಜಾರದಂತೆ ಪಟ್ಟಿ. ಮೊಳೆ ಮಾತ್ರ ಹೊಡೆಯುವಂತಿಲ್ಲ. ಮೊಳೆ ಎದ್ದು ಚುಚ್ಚಿದರೆ ಆ ಕಾಲಿಗೆ ಗೊತ್ತಾಗುವುದಿಲ್ಲವಲ್ಲ. ಒಳಅಟ್ಟೆಯ ಇತಿಹಾಸದಲ್ಲಿ ಅದರ ನಿಜವಾದ ಕರ್ತವ್ಯ ತಿಳಿದದ್ದು ಇಲ್ಲಿ ಎಂದು ನನ್ನ ಎಣಿಕೆ. ಬ್ರ್ಯಾಂಡ್ ಒಮ್ಮೆ ದೀರ್ಘ ಪ್ರಯಾಣ ಮಾಡಿ ದಣಿದು ಬಂದ ರಾತ್ರಿ ತನ್ನ ಹಿಮ್ಮಡಿಯಲ್ಲಿ ಸ್ಪರ್ಶವಿಲ್ಲವೆಂದು ಕಂಡು, ಸೂಜಿ ಚುಚ್ಚಿಕೊಂಡರೂ ತಿಳಿಯದೆ, ತನಗೂ ಕುಷ್ಠ ಬಂತೆಂದು ಇರುಳಿಡೀ ನಿದ್ದೆಗೆಟ್ಟನಂತೆ. ಬೆಳಿಗ್ಗೆ ಮತ್ತೆ ಚುಚ್ಚಿದಾಗ ಚುರುಕ್ಕೆಂದಿತು. ಹಿಂದಿನ ದಿನ ಕೂತು ಕೂತು ನರ ಮರಗಟ್ಟಿತ್ತು, ಅಷ್ಟೇ. ಆ ನೋವಿಗೆ ಅವನು ದೇವರಿಗೆ ವಂದಿಸಿದ.

ಕುಷ್ಠರೋಗ ಈಗ ಬಹಳ ಕಡಿಮೆಯಾಗಿದೆ. ಕರಿಗಿರಿಯ ಚಪ್ಪಲಿಯ ಸಂತಾನ ಈಗ ಹೆಚ್ಚಾಗಿ ಕಾಣುವುದು ಸಕ್ಕರೆ ಕಾಯಿಲೆಯವರ ಕಾಲಲ್ಲಿ. ಅಲ್ಲಿಯೂ ಅದೇ ಕತೆ, ನರ ಮಂದವಾಗಿ ನೋವು ತಿಳಿಯದು. ನನ್ನ ಅಕ್ಕನಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ಏಪ್ರಿಲ್‌ನಲ್ಲಿ ರಥೋತ್ಸವದ ದಿನ ಮಧ್ಯಾಹ್ನ ಕಲ್ಲು ಹಾಸಿದ ಅಂಗಳದಲ್ಲಿ ದೇವರಿಗೆ ಸುತ್ತು ಬಂದಳು. ಉಳಿದವರೆಲ್ಲ ಕಾಲು ಸುಡುತ್ತದೆಂದು ಹಾರಿ ಹಾರಿ ನೆರಳಿಗೆ ಓಡಿದಾಗ ಅವಳು ನಿಧಾನವಾಗಿ ನಡೆದದ್ದು ಭಕ್ತಿಯಿಂದ ಎಂದುಕೊಂಡೆವು. ಸಂಜೆ ನೆಲದ ಮೇಲೆ ಒದ್ದೆ ಕಲೆ ಕಂಡು ಕಾಲು ಎತ್ತಿಸಿ ನೋಡಿದರೆ ಅಂಗಾಲಿನ ಗುಳ್ಳೆ ಒಡೆದಿತ್ತು. ಒಣಗಲು ಎರಡೂವರೆ ತಿಂಗಳು ಹಿಡಿಯಿತು. ವೈದ್ಯರು ನೈಲಾನ್ ದಾರದ ಒಂದು ಕಡ್ಡಿಯನ್ನು, ಬಾಗಿದಾಗ ಹತ್ತು ಗ್ರಾಮಿನಷ್ಟು ಒತ್ತುವಂಥದ್ದನ್ನು, ಅಂಗಾಲಿನ ಅಲ್ಲಲ್ಲಿ ಮುಟ್ಟಿಸಿ ‘ತಿಳಿಯಿತೇ’ ಎಂದು ಕೇಳಿದರು. ಅವಳು ಕಣ್ಣು ಮುಚ್ಚಿ ಕೂತಿದ್ದಳು. ಹೆಬ್ಬೆರಳ ಬುಡದಲ್ಲಿ ಮುಟ್ಟಿಸಿದಾಗ ನಾನು ನೋಡುತ್ತಿದ್ದೆ, ಅವಳು “ಇನ್ನೂ ಶುರು ಮಾಡಿಲ್ಲವೇ ಡಾಕ್ಟ್ರೇ?” ಎಂದಳು.

ಎಂ.ಸಿ.ಆರ್. ಚಪ್ಪಲಿ ಬರೆದುಕೊಟ್ಟರು, ಮನೆಯೊಳಗೂ ಹಾಕಬೇಕೆಂದರು. ಅಲ್ಲಿ ತೊಡಕಾಯಿತು. ಹುಟ್ಟಿದಂದಿನಿಂದ ಮೆಟ್ಟಿಲಿನ ಕೆಳಗೆ ಮೆಟ್ಟು ಬಿಟ್ಟು ಒಳಬಂದವಳು ಅವಳು. “ಅಡುಗೆಮನೆಗೆ ಮೆಟ್ಟು ಹಾಕಿಕೊಂಡು ಹೋಗುವುದಾ? ಹೋಗೇ, ನಿನಗೆ ಮಂಡೆ ಸರಿ ಇಲ್ಲ” ಎಂದು ನನ್ನನ್ನೇ ಗದರಿದಳು. ಪಾದದ ಚರಿತ್ರೆಯನ್ನೆಲ್ಲ ಅವಳ ಮುಂದೆ ಹೇಳಿದೆ, ಕೇಳಿದಳು, ಒಪ್ಪಲಿಲ್ಲ. ಕೊನೆಗೆ ಒಪ್ಪಿಸಿದವಳು ಅವಳ ಸೊಸೆ. ಇನ್ನೊಂದು ಜೊತೆ ತರಿಸಿ, ಅಂಗಳಕ್ಕೂ ಇಳಿಸದೆ, ಅರಿಸಿನ ನೀರಿನಲ್ಲಿ ಒರೆಸಿ, “ಅತ್ತೇ, ಇದು ಮೆಟ್ಟಲ್ಲ, ಮದ್ದು” ಎಂದು ಅಡುಗೆಮನೆಯ ಹೊಸಿಲ ಒಳಗಡೆಯೇ ಇಟ್ಟಳು. ಈಗ ಅಕ್ಕ ಅದನ್ನು ಹಾಕಿಕೊಂಡೇ ದೋಸೆ ಹುಯ್ಯುತ್ತಾಳೆ. ದೇವರ ಕೋಣೆಯ ಹೊಸಿಲ ಬಳಿ ಮಾತ್ರ ಬಿಟ್ಟು ಒಳಹೋಗುತ್ತಾಳೆ. ಅಲ್ಲಿ ದಪ್ಪನೆಯ ಒಂದು ಜಮಖಾನ ಹಾಸಿದ್ದೇವೆ. ರಾತ್ರಿ ಮಲಗುವ ಮೊದಲು ಮೊಮ್ಮಗಳು ಟಾರ್ಚು ಹಿಡಿದು ಅಜ್ಜಿಯ ಅಂಗಾಲು ನೋಡುತ್ತಾಳೆ, ಕೆಂಪಾಗಿದೆಯೇ, ಗುಳ್ಳೆ ಎದ್ದಿದೆಯೇ ಎಂದು. ಆ ಮೊಮ್ಮಗಳಿಗೆ ಐದು ವರ್ಷ. ಮನೆಯಲ್ಲೂ ಅಂಗಳದಲ್ಲೂ ಅವಳು ಬರಿಗಾಲು.